ಓದಕ್ಕನ ಪೆನ್ಸಿಲ್ ಗುರುತುಗಳು

ನೂರ ಹನ್ನೆರಡನೆಯ ಪುಟದ ಮೂರನೆಯ ಸಾಲಿನಲ್ಲಿ ಅಪ್ಪ ಮಗನ ಕೊರಳಪಟ್ಟಿ ಹಿಡಿದ. ಆಮೇಲೆ ಬರಲಿದ್ದ ಮಾತು ಓದಕ್ಕನಿಗೆ ಮೊದಲೇ ಕಂಡಿತ್ತು. ಬಾಯಿ ಒಂದು ಸಾಲಿನಲ್ಲಿರುವಾಗ ಕಣ್ಣು ಮುಂದಿನ ಸಾಲಿನಲ್ಲಿರುವುದು ಅವಳಿಗೆ ಇಪ್ಪತ್ತೆರಡು ವರ್ಷಗಳ ರೂಢಿ. ಪುಸ್ತಕದಲ್ಲಿ ಅಚ್ಚಾಗಿದ್ದದ್ದು 'ಸೂಳೆಮಗನೇ' ಎಂದು. ಅವಳು 'ದರಿದ್ರದವನೇ' ಎಂದು ಓದಿದಳು. ದನಿ ಅಲುಗಲಿಲ್ಲ, ಉಸಿರು ತಪ್ಪಲಿಲ್ಲ. ಕೈಯಲ್ಲಿದ್ದ ಪೆನ್ಸಿಲು ಪುಟದ ಅಂಚಿನಲ್ಲಿ ಸದ್ದಿಲ್ಲದೆ ಒಂದು ಸಣ್ಣ ಗೆರೆ ಎಳೆಯಿತು. ಗಾಜಿನಾಚೆ ಕುಳಿತಿದ್ದ ಸೌಂಡಿನವನು ದನಿ ಅಳೆಯುವ ಮೀಟರಿನ ಮುಳ್ಳು ನೋಡುತ್ತ ತಲೆದೂಗಿದ.

ಅದು ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕೇಂದ್ರ. ಓದುವ ಕೋಣೆ ಎಂಟಡಿ ಅಗಲ, ಒಂಬತ್ತಡಿ ಉದ್ದ. ಗೋಡೆಗೆ ಸ್ಪಂಜು ಅಂಟಿಸಿದೆ. ಪುಟ ಉಜ್ಜಿದ ಸದ್ದು ಮೈಕಿಗೆ ಹೋಗದಿರಲಿ ಎಂದು ಮೇಜಿನ ಮೇಲೆ ದಪ್ಪ ಉಣ್ಣೆಯ ಬಟ್ಟೆ. ಕೆಂಪು ದೀಪ ಹತ್ತಿದರೆ ಮುದ್ರಣ ಶುರು, ಫ್ಯಾನು ಆರಿಸಬೇಕು. ಒಳಗೆ ಬರುವ ಮೊದಲು ಓದಕ್ಕ ಬಳೆ ತೆಗೆದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾಳೆ. ತಪ್ಪು ಓದಿದರೆ ಪೆನ್ಸಿಲಿನಿಂದ ಮೇಜನ್ನು ಎರಡು ಸಲ ತಟ್ಟಬೇಕು. ಸೌಂಡಿನವನು ಅಲ್ಲಿಂದ ಮತ್ತೆ ಹಿಡಿದುಕೊಳ್ಳುತ್ತಾನೆ. 'ದರಿದ್ರದವನೇ' ಎಂದು ಓದಿ ಅವಳು ಯಾವತ್ತೂ ಮೇಜು ತಟ್ಟಿದವಳಲ್ಲ.

ಇಷ್ಟು ವರ್ಷ ಅದು ನಡೆದುಕೊಂಡು ಬಂದದ್ದು ಕೆಲಸದ ಏರ್ಪಾಟು ಹಾಗಿದ್ದುದರಿಂದ. ಪುಸ್ತಕ ಇರುತ್ತಿದ್ದದ್ದು ಒಂದೇ ಪ್ರತಿ, ಅದು ಅವಳ ಮುಂದೆ. ಸೌಂಡಿನವನಿಗೆ ದನಿ ಮಾತ್ರ ಗೊತ್ತು. ಕೇಳುವವರಿಗೆ ಅಚ್ಚಿನ ಅಕ್ಷರ ಕಾಣದು. ಓದು ಮುಗಿದ ಪುಸ್ತಕ ಒಳಗಿನ ಕಪಾಟು ಸೇರಿದರೆ ಮುಗಿಯಿತು, ಅದನ್ನು ಮತ್ತೆ ತೆರೆಯುವ ಜರೂರು ಯಾರಿಗೂ ಇಲ್ಲ. ಹೀಗೆ ಅವಳು ಇನ್ನೂರ ಹದಿಮೂರು ಪುಸ್ತಕ ಓದಿದ್ದಳು. ಕೇಳುಗರು ಅವಳ ಮುಖ ಕಂಡವರಲ್ಲ, ಹೆಸರೂ ಅನೇಕರಿಗೆ ತಿಳಿಯದು. ಓದುವ ಅಕ್ಕ ಓದಕ್ಕನಾದಳು, ಅಷ್ಟೆ.

ಅದಕ್ಕೂ ಮೊದಲು ಅವಳು ಬಸ್ ನಿಲ್ದಾಣದಲ್ಲಿ ಬಸ್ಸುಗಳ ವೇಳೆ ಕೂಗಿ ಹೇಳುತ್ತಿದ್ದಳು. ಆಗಲೇ ಮದುವೆಯಾದದ್ದು. ಗಂಡ ಎರಕದ ಕಾರ್ಖಾನೆಯಲ್ಲಿ ಫೋರ್‌ಮನ್. ಕೈಗೆ ಸಿಕ್ಕಿದ್ದನ್ನು ಎಸೆಯುವ ಗಂಡಸಲ್ಲ, ಹೊಡೆದವನೂ ಅಲ್ಲ. ಬಾಯಿ ಮಾತ್ರ ಕುಲುಮೆ. ಬಾಗಿಲು ತೆಗೆಯುವುದು ತಡವಾದರೆ 'ಸೂಳೆ', ನೀರು ಬಿಸಿಯಿದ್ದರೆ 'ಸೂಳೆ', ತಣ್ಣಗಿದ್ದರೂ ಅದೇ. ಅವಳು ತುಟಿ ಪಿಟಿಕ್ಕೆನ್ನದೆ ಕೆಲಸ ಮುಂದುವರಿಸುತ್ತಿದ್ದಳು. ಕಿವಿಗೆ ಬಾಗಿಲಿಲ್ಲ, ಅಲ್ಲಿಗೆ ಬಂದದ್ದು ಬರಲಿ. ತನ್ನ ದನಿಯೊಳಗೆ ಮಾತ್ರ ಅದು ಕಾಲಿಡಬಾರದು ಎಂದು ಯಾವತ್ತೋ ಒಂದು ದಿನ ಗಟ್ಟಿ ಮಾಡಿಕೊಂಡಳು. ಇಡೀ ಮನೆಯಲ್ಲಿ ತನ್ನದು ಅಂತ ಅವಳಿಗಿದ್ದದ್ದು ಅದೊಂದೇ. ಕೇಂದ್ರದಲ್ಲಿ ಮೊದಲ ಕಾದಂಬರಿ ಓದುವಾಗ ಆ ಮಾತು ಎದುರಾದಾಗ ನಾಲಗೆ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಪೆನ್ಸಿಲ್ ಗುರುತು ಹಾಕಿದ್ದು ಏಕೆಂದು ಕೇಳಿದರೆ ಅವಳಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ತೆಗೆದ ಜಾಗದಲ್ಲಿ ತೆಗೆದಿದ್ದೇನೆ ಎಂದಾದರೂ ಇರಲಿ ಎಂಬಂಥದ್ದು ಏನೋ.

ಕೇಳುಗರಲ್ಲಿ ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದವಳು ಟೀಚರಮ್ಮ. ಅರವತ್ತರ ಮೇಲೆ ಕಣ್ಣು ಕಳೆದುಕೊಂಡವಳು. ಪ್ರತಿ ಪುಸ್ತಕ ಮುಗಿದಾಗಲೂ ಫೋನು ಮಾಡುತ್ತಿದ್ದಳು. "ಮೊಮ್ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೇಳಬಹುದು ಕಣಮ್ಮ ನೀನು ಓದಿದ್ದನ್ನ. ಈಗಿನೋರು ಎಷ್ಟು ಚೊಕ್ಕವಾಗಿ ಬರೀತಾರೆ! ಸುಮ್ನೆ ಬೈತಾರೆ ಜನ." ಓದಕ್ಕ "ಹೂಂ" ಎಂದು ಫೋನಿಡುತ್ತಿದ್ದಳು.

ಇನ್ನೊಬ್ಬನನ್ನು ಎಲ್ಲರೂ ಎಕ್ಸ್‌ಚೇಂಜ್ ಎಂದು ಕರೆಯುತ್ತಿದ್ದರು. ಹುಟ್ಟಿನಿಂದ ಕಣ್ಣಿಲ್ಲದವನು, ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೆಲಸ. ಒಮ್ಮೆ ಕೇಳಿದ ದನಿಯನ್ನು ಮರೆಯುವವನಲ್ಲ. ಓದಕ್ಕನ ಇನ್ನೂರ ಹದಿಮೂರನ್ನೂ ಕೇಳಿದವನು ಇವನೊಬ್ಬನೇ. ಒಂದು ಗುರುವಾರ ಮಧ್ಯಾಹ್ನ ಅವನು ಕೋಲು ತಟ್ಟಿಕೊಂಡು ಕೇಂದ್ರಕ್ಕೆ ಬಂದ. ಸೌಂಡಿನವನು ಕುರ್ಚಿ ಎಳೆದುಕೊಟ್ಟ.

"ಅಕ್ಕಾ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬಾರದು."

"ಮೊದಲು ಕೇಳಿ. ಬೇಜಾರು ಆಮೇಲೆ ನೋಡ್ಕೊಳ್ಳೋಣ."

"ನಿಮ್ಮ ಪುಸ್ತಕದಲ್ಲಿ ಪೊಲೀಸು ಬೈದ್ರೆ ದರಿದ್ರದವನೇ. ಕುಡುಕ ಬೈದ್ರೆ ದರಿದ್ರದವನೇ. ಲಾರಿಯವನು, ಸೈನಿಕ, ಜೈಲಿನ ವಾರ್ಡರು, ಎಲ್ಲರ ಬಾಯಲ್ಲೂ ದರಿದ್ರದವನೇ. ಹತ್ತೊಂಬತ್ತು ಜನ ಬರೆದ ಪುಸ್ತಕ ನೆನಪು ಮಾಡ್ಕೊಂಡೆ. ಇವರೆಲ್ಲ ಒಂದೇ ಸ್ಕೂಲಲ್ಲಿ ಬೈಯೋದು ಕಲಿತ್ರಾ?"

ಸೌಂಡಿನವನು ಗೊಳ್ಳೆಂದು ನಕ್ಕ. ಓದಕ್ಕನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.

"ಅಲ್ಲಿರೋದು ಹೊಲಸು ಮಾತು. ಕೇಳಿ ನಿಮಗೇನಾಗಬೇಕು?" ಎಂದಳು ಓದಕ್ಕ.

"ಕಣ್ಣಿರೋರಿಗೆ ಓದಿ ಏನಾಗಬೇಕೋ ನನಗೂ ಅದೇ ಆಗಬೇಕು." ಅವನು ಕೋಲನ್ನು ಎರಡೂ ಮೊಣಕಾಲ ನಡುವೆ ನಿಲ್ಲಿಸಿಕೊಂಡ. ದನಿ ಏರಿಸಲಿಲ್ಲ. "ನಮ್ಮಪ್ಪ ದಿನಾ ಬೈತಿದ್ದ. ಹುಟ್ಟಿದ್ದಕ್ಕೆ, ಎಡವಿದ್ದಕ್ಕೆ, ತಟ್ಟೆ ಬೀಳಿಸಿದ್ದಕ್ಕೆ. ಏನು ಬೈತಿದ್ದ ಅಂತ ಹೇಳಲ್ಲ ಬಿಡಿ. ಅದಾದ ಮೇಲೆ ನಿಮ್ಮ ಪುಸ್ತಕ ಹಾಕ್ಕೊಂಡು ಕೂರ್ತಿದ್ದೆ. ಅದರಲ್ಲಿ ಎಷ್ಟೆಷ್ಟು ಕೆಟ್ಟ ಅಪ್ಪಂದಿರು ಬಂದ್ರು. ಒಬ್ಬನೂ ನಮ್ಮಪ್ಪನ ಹಾಗೆ ಬೈಯಲಿಲ್ಲ. ಪ್ರಪಂಚದಲ್ಲಿ ಇಂಥ ಮಾತು ಅನ್ನಿಸ್ಕೊಳ್ಳೋನು ನಾನೊಬ್ಬನೇ ಅಂದ್ಕೊಂಡೆ. ಹಾಗೆ ಅಂದ್ಕೊಂಡೇ ದೊಡ್ಡವನಾದೆ ಅಕ್ಕ."

ನನಗೂ ಅದೇ ಮಾತು, ನಾನೂ ಹಾಗೆಯೇ ಅಂದುಕೊಂಡಿದ್ದೆ ಎಂದು ಓದಕ್ಕ ಹೇಳಬಹುದಿತ್ತು. ಹೇಳಲಿಲ್ಲ. ಎದ್ದು ಹೋಗಿ ಒಳಗಿನ ಕಪಾಟಿನಿಂದ ಒಂದು ಪುಸ್ತಕ ತಂದು ಸೌಂಡಿನವನ ಕೈಗಿಟ್ಟಳು. "ಗೆರೆ ಇರೋ ಕಡೆಯೆಲ್ಲ ನೋಡಪ್ಪ" ಎಂದಳು. ಅವನು ನೋಡಿದ. ಇನ್ನೊಂದು ತೆಗೆದ, ಮತ್ತೊಂದು ತೆಗೆದ. ಸಂಜೆಯ ಹೊತ್ತಿಗೆ ಲೆಕ್ಕ ಸಿಕ್ಕಿತು. ನೂರ ನಲವತ್ತು ಪುಸ್ತಕಗಳಲ್ಲಿ ಗೆರೆಗಳಿದ್ದವು.

ವಿಷಯ ಕಾರ್ಯದರ್ಶಿಯವರೆಗೆ ಹೋಯಿತು. ಅವರು ಶನಿವಾರ ಕೇಳುಗರ ಸಭೆ ಕರೆದರು. ಮೂವತ್ತು ಕುರ್ಚಿ ಹಾಕಿದ್ದರು, ನಲವತ್ತು ಜನ ಬಂದರು. ಓದಕ್ಕ ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕುಳಿತಳು. ಅವಳು ಅಲ್ಲಿರುವುದು ಅರ್ಧ ಜನಕ್ಕೆ ಗೊತ್ತಾಗಲಿಲ್ಲ.

"ಬೀದೀಲಿ ಕೇಳೋದು ಸಾಲದೇನ್ರಪ್ಪಾ?" ಎಂದು ಶುರು ಮಾಡಿದ್ದು ಟೀಚರಮ್ಮ. "ಪುಸ್ತಕಾನಾದ್ರೂ ಕೈಕಾಲು ತೊಳ್ಕೊಂಡು ಮನೆಯೊಳಗೆ ಬರಲಿ. ಆ ಹುಡುಗಿ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ."

"ಟೀಚರೇ, ಹಲ್ಲು ಕಿತ್ತುಬಿಟ್ಟು ಕಚ್ಚು ಅಂದ್ರೆ ಕಚ್ಚೋದು ಹೇಗೆ?" ಎಂದ ಮಾಲೀಸು ಮಾಡುವವನೊಬ್ಬ. "ಕೊಲೆಗಾರ ಚಾಕು ಎತ್ಕೊಂಡು ಬಂದು ದರಿದ್ರದವನೇ ಅಂದಾಗ ನಾನು ನಕ್ಕುಬಿಟ್ಟಿದ್ದೆ. ಇವನು ಕೊಲ್ಲೋಕೆ ಬಂದವನೋ, ಶಾಪ ಹಾಕೋ ನಮ್ಮಜ್ಜಿಯೋ ಅಂತ."

ನಗು ಎದ್ದಿತು. ಟೀಚರಮ್ಮನೂ ನಕ್ಕಳು.

"ನನಗೆ ಬೈಗುಳ ಅಂದ್ರೆ ಆಗಲ್ಲ," ಎಂದಳು ಕಾನೂನು ಓದುತ್ತಿದ್ದ ಹುಡುಗಿಯೊಬ್ಬಳು. "ಬಂದ್ರೆ ನಿಲ್ಲಿಸಿಬಿಡ್ತೀನಿ. ಆದ್ರೆ ನಿಲ್ಲಿಸೋ ಬಟನ್ನು ನನ್ನ ಕೈಲಿರಬೇಕು. ನನಗೆ ಏನು ಆಗಲ್ಲ ಅಂತ ಇನ್ನೊಬ್ಬರು ಹೇಗೆ ಹೇಳ್ತಾರೆ? ಬೀದಿ ದಾಟಿಸೋರು, ಚಿಲ್ಲರೆ ಎಣಿಸಿ ಕೊಡೋರು, ಈಗ ಇದೂ ಒಂದು. ಪುಸ್ತಕದಲ್ಲೂ ನಮ್ಮನ್ನ ಕೈ ಹಿಡಿದೇ ನಡೆಸ್ಬೇಕಾ?"

ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬ, ಲೇಖಕರು ಪುಸ್ತಕ ಖರ್ಚಾಗಲಿ ಎಂದೇ ಹೊಲಸು ತುಂಬುತ್ತಾರೆ ಎಂದ. ಇನ್ನೊಬ್ಬ, ಹೊಲಸಿಲ್ಲದ ಬದುಕು ಎಲ್ಲಿದೆ ತೋರಿಸು ಎಂದ. ಏಕೆ ಹೀಗೆ ಮಾಡಿದೆ ಎಂದು ಓದಕ್ಕನನ್ನು ಕೇಳುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅವಳು ಸಭ್ಯಸ್ಥೆ, ಹಳೆಯ ಕಾಲದವಳು ಎಂದು ಎರಡೂ ಕಡೆಯವರು ಒಪ್ಪಿಕೊಂಡುಬಿಟ್ಟಿದ್ದರು.

ಕಾರ್ಯದರ್ಶಿ ಕೊನೆಗೆ ಅವಳನ್ನು ಪಕ್ಕಕ್ಕೆ ಕರೆದರು. ಕೆಟ್ಟ ಮನುಷ್ಯರೇನಲ್ಲ. "ನೋಡಮ್ಮ, ಗೆರೆ ಹಾಕಿರೋ ವಾಕ್ಯ ಅಷ್ಟನ್ನ ಸರಿಯಾಗಿ ಓದಿಕೊಡಿ, ಅಲ್ಲಲ್ಲೇ ಸೇರಿಸಿಬಿಡೋಣ. ಆಗಲ್ಲ ಅಂದ್ರೆ ಆ ನೂರ ನಲವತ್ತನ್ನೂ ಅಳಿಸಿ ಕಂಪ್ಯೂಟರ್ ದನಿ ಹಾಕ್ಬೇಕಾಗುತ್ತೆ. ಅದು ಇದ್ದದ್ದನ್ನ ಇದ್ದ ಹಾಗೇ ಓದುತ್ತೆ. ನಿಮ್ಮ ದನಿ ಉಳೀಬೇಕು ಅಂತ ನನಗೂ ಆಸೆ. ಬುಧವಾರ ಒಂದು ಪುಸ್ತಕ ಓದಿ ನೋಡಿ."

ಅವಳು ಮನೆಗೆ ಹೋದಳು. ಮನೆ ಎಂದರೆ ಎರಡನೆಯ ಮಹಡಿಯಲ್ಲಿ ಎರಡು ಕೋಣೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಮಂಚ. ಮಂಚದ ಮೇಲೆ ಗಂಡ. ನಾಲ್ಕು ವರ್ಷದ ಹಿಂದೆ ಮೆದುಳಿನ ರಕ್ತನಾಳ ಒಡೆದು ಬಲಗೈ ಬಲಗಾಲು ಬಿದ್ದವು, ಮಾತು ಹೋಯಿತು. ಎಲ್ಲವೂ ಹೋಗಲಿಲ್ಲ. ಮೂರನೆಯ ವಾರ ಅವನು ಬಾಯಿ ತೆರೆದಾಗ ಬಂದದ್ದು ಒಂದೇ ಮಾತು. ಡಾಕ್ಟರು ನೆಲ ನೋಡುತ್ತ ಹೇಳಿದ್ದರು: "ಹೀಗಾಗುತ್ತೆ ಒಮ್ಮೊಮ್ಮೆ. ಮಿಕ್ಕ ಮಾತೆಲ್ಲ ಅಳಿಸಿಹೋಗುತ್ತೆ, ಬೈಗುಳ ಉಳ್ಕೊಳ್ಳುತ್ತೆ. ಬೇಕು ಅಂತ ಬೈತಿಲ್ಲ ಅವರು. ಅದೊಂದೇ ಬರೋದು."

ಬಾಗಿಲು ತೆರೆದ ಸದ್ದಿಗೆ ಅವನು ಹೊರಳಿದ.

"ಸೂಳೆ," ಎಂದ.

ಅದು ನೀರು. ಅವಳು ಲೋಟ ತಂದು ತುಟಿಗೆ ಹಿಡಿದಳು.

"ಸೂಳೆ," ಎಂದ ಮತ್ತೆ, ಮೆತ್ತಗೆ. ಅದು ಸಾಕು. ದಿಂಬು ಸರಿಮಾಡಿದ್ದಕ್ಕೆ ಅದೇ, ಕಾಲು ನೋವಿಗೆ ಅದೇ. ಒಂದೊಂದು ಸಾಯಂಕಾಲ ಅವಳ ಕೈ ಹಿಡಿದು ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನೇ ಹೇಳುತ್ತಾನೆ. ಆಗ ಅದು ಏನೆಂದು ಅವಳಿಗೆ ತಿಳಿಯುತ್ತದೆ. ತಿಳಿದು ಏನೂ ಆಗುವುದಿಲ್ಲ. ಕಿವಿಗೆ ಅದು ಮೊದಲಿನ ಮಾತೇ. ಅವನು ಏನೇ ಹೇಳಿದರೂ ಅವಳು ಅದೇ ಜಾಗದಲ್ಲಿ ಕುಗ್ಗುತ್ತಾಳೆ.

ಬುಧವಾರ ಅವಳು ಬಳೆ ತೆಗೆದು ಡಬ್ಬಿಗೆ ಹಾಕಿ ಒಳಗೆ ಕುಳಿತಳು. ಹೊರಗಿನ ಕೋಣೆಯ ಸ್ಪೀಕರಿನ ಪಕ್ಕ ಎಕ್ಸ್‌ಚೇಂಜ್ ಬಂದು ಕೂತಿದ್ದ. ಅವಳೇ ಬರಹೇಳಿದ್ದಳು. ಅದೇ ಕಾದಂಬರಿ, ನೂರ ಹನ್ನೆರಡನೆಯ ಪುಟ. ಆ ಪುಸ್ತಕದಲ್ಲಿ ನಲವತ್ತೊಂದು ಗೆರೆಗಳಿದ್ದವು, ಇದು ಮೊದಲನೆಯದು. ಕೆಂಪು ದೀಪ ಹತ್ತಿತು, ಫ್ಯಾನು ನಿಂತಿತು.

ಮೊದಲ ಸಲ ಆ ಮಾತಿನವರೆಗೆ ಬಂದು ಮೇಜು ತಟ್ಟಿದಳು. ಎರಡನೆಯ ಸಲವೂ ತಟ್ಟಿದಳು. ಮೂರನೆಯ ಸಲ ಓದಿದಳು.

ಬಂದದ್ದು ಅವಳ ದನಿಯಲ್ಲ. ಪುಸ್ತಕದ ಅಪ್ಪನ ದನಿಯೂ ಅಲ್ಲ. ಮೂವತ್ತು ವರ್ಷ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೈದವನ ದನಿ, ಮೊದಲ ಅಕ್ಷರ ಹಲ್ಲು ಕಚ್ಚಿ, ಕೊನೆಯದನ್ನು ಉಗಿದು. ಎಲ್ಲಿ ಒತ್ತಬೇಕು, ಎಲ್ಲಿ ಉಸಿರು ಬಿಡಬೇಕು, ಒಂದನ್ನೂ ಅವಳು ಕಲಿತಿರಲಿಲ್ಲ. ಎಲ್ಲವೂ ಒಳಗೇ ಕೂತಿತ್ತು. ಇನ್ನೂರ ಹದಿಮೂರು ಪುಸ್ತಕಗಳಲ್ಲಿ ಅವಳು ಇಷ್ಟು ನಿಜವಾಗಿ ಒಂದು ಸಾಲನ್ನೂ ಓದಿರಲಿಲ್ಲ.

ಸೌಂಡಿನವನು ಕಿವಿಯ ಮೇಲಿದ್ದ ಹೆಡ್‌ಫೋನು ಕಿತ್ತಿಟ್ಟ. ಗಾಜಿನಾಚೆಯ ಕೋಣೆಯ ತೆರೆದ ಬಾಗಿಲಿನಿಂದ ಓದಕ್ಕನಿಗೆ ಎಕ್ಸ್‌ಚೇಂಜ್ ಕಾಣುತ್ತಿದ್ದ. ಅವನ ಎಡಗೈ ಮೇಲೆದ್ದಿತ್ತು. ಮೊಣಕೈ ಮಡಚಿ, ಅಂಗೈ ಹೊರಗೆ ಮಾಡಿ, ಏಟು ಬೀಳುವ ಮೊದಲು ಮಕ್ಕಳು ತಲೆಗೆ ಅಡ್ಡ ಹಿಡಿಯುವ ಹಾಗೆ. ಕೋಲು ಕೆಳಗೆ ಬಿದ್ದಿತ್ತು. ಅವನು ನಿಧಾನವಾಗಿ ಕೈ ಇಳಿಸಿದ.

ಅವಳು ಹೊರಗೆ ಬಂದು ಕೋಲು ಎತ್ತಿಕೊಟ್ಟಳು.

"ಸರಿಯಾಗಿದೆ ಅಕ್ಕ. ಹಾಗೇ ಇರೋದು ಅದು," ಎಂದ. ಹಣೆ ಒರೆಸಿಕೊಂಡ. ಆಮೇಲೆ ಅವಳು ನಿಂತ ದಿಕ್ಕಿಗೆ ಮುಖ ತಿರುಗಿಸಿ ಕೇಳಿದ: "ನಿಮಗೂ ಯಾರಾದರೂ...?"

"ಹೂಂ."

"ಮೊದಲೇ ಹೇಳಬಾರದಾಗಿತ್ತಾ? ನಾನು ಕೇಳ್ತಿರಲಿಲ್ಲ."

"ನೀವೂ ಮೊದಲೇ ಹೇಳಿದ್ರೆ ನಾನು ತೆಗೀತಿರಲಿಲ್ಲ."

ಸೌಂಡಿನವನು ಇಬ್ಬರಿಗೂ ನೀರು ತಂದುಕೊಟ್ಟ. ಎರಡನೆಯ ಗೆರೆಗೆ ತಯಾರಾ ಎಂದು ಅವನು ಕೇಳಿದಾಗ ಓದಕ್ಕ ಒಳಗೆ ಹೋಗಿ ಕುಳಿತಳು, ಪುಟ ತೆರೆದಳು. ಬಾಯಿ ತೆರೆದರೆ ಈಗ ಯಾವ ದನಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕೆಂಪು ದೀಪ ಕಾಲು ಗಂಟೆ ಉರಿಯಿತು. ಮೀಟರಿನ ಮುಳ್ಳು ಅಲುಗಲಿಲ್ಲ. ಆಮೇಲೆ ಸೌಂಡಿನವನೇ ದೀಪ ಆರಿಸಿದ.

ಅವಳು ಕಾರ್ಯದರ್ಶಿಯ ಕೋಣೆಗೆ ಹೋಗಿ ಆಗುವುದಿಲ್ಲ ಎಂದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಉಳಿದ ಎಪ್ಪತ್ತಮೂರು ಪುಸ್ತಕ ಹಾಗೆಯೇ ಇರುತ್ತವೆ ಎಂದರು. ಅವುಗಳಲ್ಲಿ ಹೆಚ್ಚಿನವು ತೋಟಗಾರಿಕೆ, ಮಕ್ಕಳ ಆರೋಗ್ಯ, ಹಕ್ಕಿಗಳ ಬಗೆಗಿನ ಪುಸ್ತಕಗಳು. ಟೀಚರಮ್ಮ ಫೋನು ಮಾಡಿ ಹಳೆಯ ಓದನ್ನು ತನಗಾದರೂ ಒಂದೊಂದು ಪ್ರತಿ ಉಳಿಸಿಕೊಡಿ ಎಂದು ಕೇಳಿದಳು. ಒಂದೇ ಪುಸ್ತಕಕ್ಕೆ ಎರಡು ಓದು ಇಡುವ ನಿಯಮವಿಲ್ಲ ಎಂದು ಕಚೇರಿಯವರು ಹೇಳಿದರು.

ಶುಕ್ರವಾರ ಸೌಂಡಿನವನು ಕಂಪ್ಯೂಟರ್ ದನಿಯನ್ನು ಪರೀಕ್ಷೆಗೆ ಹಚ್ಚಿದ. ನೂರ ಹನ್ನೆರಡನೆಯ ಪುಟವನ್ನು ಅದು ಎಲ್ಲೂ ನಿಲ್ಲದೆ ಓದಿತು. ಅಪ್ಪ ಕೊರಳಪಟ್ಟಿ ಹಿಡಿದದ್ದು, ಆ ಮಾತು, ಆಮೇಲೆ ಮಗ ಬಾಗಿಲು ಮುಚ್ಚಿಕೊಂಡದ್ದು, ಎಲ್ಲ ಒಂದೇ ಸಮ. ಓದಕ್ಕ ಪೂರ್ತಿ ಕೇಳಿದಳು. ಮೈಯಲ್ಲಿ ಏನೂ ಆಗಲಿಲ್ಲ. ಎಕ್ಸ್‌ಚೇಂಜ್ ಹತ್ತು ನಿಮಿಷ ಕೇಳಿ, ಡ್ಯೂಟಿಗೆ ಹೊತ್ತಾಯಿತೆಂದು ಎದ್ದು ಹೋದ.

ಅವಳು ಬಳೆಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಓದುವ ಕೋಣೆಯ ಬೀಗದ ಕೈಯನ್ನು ಸೌಂಡಿನವನಿಗೆ ಕೊಟ್ಟಳು. ಸೋಮವಾರ ಬೆಳಗ್ಗೆ ಹತ್ತಕ್ಕೆ ಅವನು ನೂರ ನಲವತ್ತು ಪುಸ್ತಕಗಳನ್ನು ಅಳಿಸಲು ಶುರು ಮಾಡುತ್ತಾನೆ.