ಐಸ್ ಅಂಗಡಿಯಲ್ಲಿದ್ದ ಬೀಗದ ಕೈ

ಕಾಪುವಿನಿಂದ ಹೆಜಮಾಡಿಯ ಕಡೆಗೆ ಹೋಗುವಾಗ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಒಂದು ಸಣ್ಣ ಮೀನು ಮಾರುಕಟ್ಟೆ ಇದೆ. ಅಲ್ಲಿ ಮೀನು ಮಾರುವ ಹೆಂಗಸರಿಗಾಗಿ ಸಂಜೆ ಅಂಗನವಾಡಿಯ ಕೋಣೆಯಲ್ಲಿ ವಯಸ್ಕರ ತರಗತಿ ನಡೆಯುತ್ತಿತ್ತು. ನಾನು ಮಣಿಪಾಲದಲ್ಲಿ ಓದು ಮುಗಿಸಿ ಒಂದು ಸಂಶೋಧನಾ ಯೋಜನೆಯಲ್ಲಿ ಸಹಾಯಕಿಯಾಗಿದ್ದೆ. ಓದುಬರಹ ಕಲಿಯುವವರೇ ತಮ್ಮ ಊರಿನ ಬಗ್ಗೆ ಪ್ರಶ್ನೆ ತಯಾರಿಸಬೇಕು, ತಾವೇ ಕೇಳಿ ಉತ್ತರ ಗುರುತು ಮಾಡಿಕೊಳ್ಳಬೇಕು, ಸಿಕ್ಕಿದ್ದನ್ನು ವಾರ್ಡ್ ಸಭೆಯಲ್ಲಿ ತಾವೇ ಹೇಳಬೇಕು ಎಂಬುದು ಯೋಜನೆಯ ಕ್ರಮ. ನಾನು ಜೊತೆಗಿರಬೇಕು, ಮುಂದೆ ನಿಲ್ಲಬಾರದು. ಹೆಚ್ಚು ಮಾತಾಡದ ನನಗೆ ಹೊಂದುವ ಕೆಲಸ.

ನನ್ನ ಮನೆ ಕಾರ್ಕಳದಲ್ಲಿ. ಅವರದೂ ನನ್ನದೂ ಮನೆಮಾತು ತುಳುವೇ. ಆದರೂ ತರಗತಿಯಲ್ಲಿ ಕನ್ನಡವನ್ನೇ ಆಡಬೇಕೆಂದು ಅವರೇ ನಿಯಮ ಮಾಡಿಕೊಂಡಿದ್ದರು. ಬ್ಯಾಂಕಿನಲ್ಲಿ, ಪಂಚಾಯತಿನಲ್ಲಿ ಬಾಯಿ ತೆರೆಯಲು ಧೈರ್ಯ ಬರಬೇಕಲ್ಲ ಎಂದು.

ಮೊದಲ ಸಮೀಕ್ಷೆ ಸುಲಭವಾಗಿ ಮುಗಿಯಿತು. ನಲ್ಲಿ ಉಂಟು, ದಾರಿದೀಪ ಇಲ್ಲ, ಎಕ್ಸ್‌ಪ್ರೆಸ್ ಬಸ್ ನಿಲ್ಲುವುದಿಲ್ಲ. ‘ಮಾರುಕಟ್ಟೆಯಲ್ಲಿ ಶೌಚಾಲಯ ಇದೆಯೇ?’ ಎಂಬುದಕ್ಕೆ ಎಲ್ಲರೂ ‘ಉಂಟು’ ಎಂದರು. ಅದು ನಿಜವೂ ಆಗಿತ್ತು. ಮಾರುಕಟ್ಟೆಯ ಹಿಂದೆ ಗಟ್ಟಿಮುಟ್ಟಾದ ಶೌಚಾಲಯವಿತ್ತು, ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು. ಸಭೆಯಲ್ಲಿ ದಾರಿದೀಪ ಕೇಳುವುದೆಂದು ತೀರ್ಮಾನವಾಯಿತು.

ಆ ನಡುವೆ ಬಂಗುಡೆ ಮಾರುವ ಅಕ್ಕ ತರಗತಿಗೆ ಬರುವುದು ನಿಂತಿತು. ಕಲಿಯುವವರಲ್ಲಿ ಅವರೇ ಚುರುಕು. ಉಡುಪಿಯ ಆಸ್ಪತ್ರೆಗೆ ಸೇರಿದ್ದಾರೆ, ಮೂತ್ರದ ಸೋಂಕು, ಇದು ಎರಡನೆಯ ಸಲ ಎಂದು ಉಳಿದವರಿಂದ ತಿಳಿಯಿತು. ವಾಪಸು ಬಂದಾಗ ಮುಖ ಬತ್ತಿತ್ತು.

“ಡಾಕ್ಟ್ರು ಎಂತ ಹೇಳಿದ್ರು?” ಎಂದು ಕೇಳಿದರು ಗುಂಪಿನಲ್ಲಿ ಹಿರಿಯರು. ಅವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು.

“ನೀರು ಕುಡೀಬೇಕಂತೆ. ಗಂಟೆಗಟ್ಲೆ ಕಟ್ಟಿ ಕೂತ್ಕೊಂಡ್ರೆ ಇನ್ನೊಂದ್ಸಲ ಕಿಡ್ನಿಗೇ ಬರ್ತದಂತೆ. ಇಲ್ಲಾಂದ್ರೆ ಮಾರ್ಲಿಕ್ಕೆ ಕೂತ್ಕೊಳ್ಳೋದೇ ಬಿಡಿ ಅಂದ್ರು.”

“ಬಿಟ್ಟು ಎಂತ ಮಾಡ್ತಿ?”

“ಅದನ್ನು ಡಾಕ್ಟ್ರು ಹೇಳ್ಲಿಲ್ಲ.”

ಯಾರೋ ನಕ್ಕರು. ಆದರೆ ಗಂಡ ಇಲ್ಲದ ಆಕೆಗೆ ಆ ಬುಟ್ಟಿಯೊಂದೇ ಆಧಾರ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಮುಂದಿನ ವಾರದ ಪಾಠ ನಕ್ಷೆ ಬರೆಯುವುದು. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಮಾರುಕಟ್ಟೆಯನ್ನು ಬರೆದರು: ಕಟ್ಟೆಗಳು, ನಲ್ಲಿ, ಹೋಟೆಲು, ಐಸ್ ಅಂಗಡಿ, ಬಸ್ ನಿಲ್ಲುವ ಜಾಗ, ಹಿಂದೆ ಶೌಚಾಲಯದ ಚೌಕ. ನಿನ್ನೆ ತಾನು ಎಲ್ಲೆಲ್ಲಿಗೆ ಹೋದೆ ಎಂದು ಒಬ್ಬೊಬ್ಬರೂ ಮರುವಾಯಿಯ ಖಾಲಿ ಕಪ್ಪೆಚಿಪ್ಪು ಇಡಬೇಕು. ನಲ್ಲಿಯ ಹತ್ತಿರ ಚಿಪ್ಪಿನ ಗುಡ್ಡೆಯಾಯಿತು. ಹೋಟೆಲಿನ ಬಳಿ ಕೆಲವು. ಐಸ್ ಅಂಗಡಿಯ ಮುಂದೆ ಎಲ್ಲರದೂ. ಶೌಚಾಲಯದ ಚೌಕ ಖಾಲಿಯಾಗಿಯೇ ಉಳಿಯಿತು.

ನಾನು ಅದರತ್ತ ಬೆರಳು ತೋರಿಸಿದೆ. “ಇಲ್ಲಿಗೆ ಯಾರೂ ಹೋಗಲಿಲ್ವಾ?”

ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ದೊಡ್ಡಕ್ಕ ಹೇಳಿದರು: “ಕೀ ಐಸ್ ಅಂಗಡಿಯಲ್ಲಿ ಉಂಟು ಟೀಚರ್.”

“ಅವರು ಕೊಡುವುದಿಲ್ವಾ?”

“ಅಯ್ಯೋ, ಕೊಡ್ತಾನೆ. ಪಾಪದವ. ಆದ್ರೆ ಮೆಲ್ಲ ಮಾತಾಡ್ಲಿಕ್ಕೆ ಬರೂದಿಲ್ಲ. ಕೇಳಿದ್ರೆ ಅಲ್ಲಿಂದ್ಲೇ ಬೊಬ್ಬೆ ಹಾಕ್ತಾನೆ, ‘ನೀರು ಬರೂದಿಲ್ಲ, ಬಾಲ್ದಿ ತಕೊಂಡು ಹೋಗಿ’ ಅಂತ. ಗಿರಾಕಿಗಳೆಲ್ಲ ತಿರುಗಿ ನೋಡ್ತಾರೆ.”

“ನಾನೊಮ್ಮೆ ಹೋಗಿ ಕೀ ಕೇಳ್ಲಿಕ್ಕೆ ನಾಚಿಕೆಯಾಗಿ ಐಸ್ ತಕೊಂಡು ಬಂದೆ,” ಎಂದರು ಇನ್ನೊಬ್ಬರು. “ಐಸ್ ಬೇಕಾಗಿಯೇ ಇರ್ಲಿಲ್ಲ.”

ಕೋಣೆ ತುಂಬ ನಗು. ಬಂಗುಡೆಯ ಅಕ್ಕನೂ ನಕ್ಕರು. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ ಚಹಾ, ಮತ್ತೆ ಮಧ್ಯಾಹ್ನ ಮನೆಗೆ ಮುಟ್ಟಿದ ಮೇಲೆಯೇ ನೀರು. ಇದು ಅಲ್ಲಿ ಎಲ್ಲರ ಕ್ರಮ ಎಂದು ಆ ದಿನ ಹೊರಬಂತು. ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಕೆಲಸಕ್ಕೆ ಬರುವ ದಿನಗಳಲ್ಲಿ ಕಾರ್ಕಳದ ಮನೆ ತಲುಪುವವರೆಗೆ ನಾನೂ ನೀರು ಮುಟ್ಟುತ್ತಿರಲಿಲ್ಲ. ಅದನ್ನು ಅಲ್ಲಿ ಹೇಳಲಿಲ್ಲ.

ಸಭೆಯಲ್ಲಿ ಏನು ಕೇಳುವುದೆಂಬ ಮಾತು ಮತ್ತೆ ಶುರುವಾಯಿತು. ಬೀಗದ ಕೈ ಹೆಂಗಸರ ಕಡೆಗೇ ಬರಬೇಕು, ಅದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಐಸ್ ಅಂಗಡಿಯಲ್ಲಿ ಕೇಳಲು ಆಗದ್ದನ್ನು ಇಡೀ ವಾರ್ಡಿನ ಗಂಡಸರ ಎದುರು ಕೇಳುವವರು ಯಾರು? ದೊಡ್ಡಕ್ಕ ನನ್ನ ಮುಖ ನೋಡಿದರು. ನಾನು ಹೇಳಬಾರದು ಎಂಬುದು ಯೋಜನೆಯ ನಿಯಮ. ಆ ಕ್ಷಣದಲ್ಲಿ ನಿಯಮ ಇರುವುದು ಒಳ್ಳೆಯದೆನಿಸಿತು.

“ನಾನೇ ಹೇಳ್ತೇನೆ,” ಎಂದರು ಬಂಗುಡೆಯ ಅಕ್ಕ. “ನಾನು ಆಸ್ಪತ್ರೆಗೆ ಹೋದದ್ದು ಯಾಕೇಂತ ಊರಿಗೆಲ್ಲ ಗೊತ್ತುಂಟು. ಇನ್ನು ಅಡಗಿಸ್ಲಿಕ್ಕೆ ಎಂತ ಉಂಟು?”

ವಾರ್ಡ್ ಸಭೆ ಶಾಲೆಯ ಜಗಲಿಯಲ್ಲಿ ನಡೆಯಿತು. ದಾರಿದೀಪದ ವಿಷಯ ದೊಡ್ಡಕ್ಕ ಹೇಳಿ ಕುಳಿತರು. ಬಂಗುಡೆಯ ಅಕ್ಕ ಎದ್ದು ನಿಂತು, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, ಶೌಚಾಲಯ ಎಂಬ ಮಾತು ಎತ್ತಿದರು. ವಾರ್ಡಿನ ಸದಸ್ಯರು ಸಮೀಕ್ಷೆಯ ಹಾಳೆ ನೋಡಿ ನಡುವೆಯೇ ಕೇಳಿದರು: “ಅದು ಉಂಟಲ್ಲ? ನೀವೇ ಉಂಟು ಅಂತ ಗುರುತು ಹಾಕಿದ್ದೀರಿ.”

“ಉಂಟು. ಕೀ ನಮ್ಮ ಹತ್ರ ಇಲ್ಲ. ಕೇಳ್ಲಿಕ್ಕೆ ನಾಚಿಕೆಯಾಗ್ತದೆ, ಹಾಗಾಗಿ ಯಾರೂ ಹೋಗುವುದಿಲ್ಲ. ನೀರೂ ಕುಡಿಯುವುದಿಲ್ಲ. ನಾನು ಎರಡು ಸಲ ಆಸ್ಪತ್ರೆಗೆ ಸೇರಿದೆ. ಕೀ ನಮಗೆ ಕೊಟ್ರೆ ನಾನು ಬುಟ್ಟಿ ಬಿಡ್ಬೇಕಾಗಿಲ್ಲ.”

ಹಿಂದಿನ ಸಾಲಿನಿಂದ ಐಸ್ ಅಂಗಡಿಯವರು ಎದ್ದರು. “ಇದನ್ನು ನನ್ನ ಹತ್ರ ಹೇಳ್ಬಾರ್ದಿತ್ತಾ ಮಾರಾಯ್ತಿ?” ಜಗಲಿಯ ಆಚೆ ಇದ್ದವರೂ ತಿರುಗಿ ನೋಡಿದರು.

“ನಿಮ್ಮ ಹತ್ರ ಹೇಳಿದ್ರೆ ಹೆಜಮಾಡಿಗೂ ಕೇಳ್ತದಲ್ಲ ಅಣ್ಣ!”

ಗಂಡಸರೇ ಹೆಚ್ಚು ನಕ್ಕರು. ಐಸ್ ಅಂಗಡಿಯವರು ಅದೇ ಸಂಜೆ ಬೀಗದ ಕೈಯನ್ನು ದೊಡ್ಡಕ್ಕನ ಮನೆಗೆ ತಂದುಕೊಟ್ಟರು. ಏನೂ ಮಾತಾಡದೆ ಕೊಟ್ಟು ಹೋದರಂತೆ.

ಈಗ ಅದು ಮೀನಿನ ಕಟ್ಟೆಗಳ ನಡುವಿನ ಕಂಬದಲ್ಲಿ ತೂಗುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ. ಒಳಗೆ ನೀರು ಇನ್ನೂ ಬರುವುದಿಲ್ಲ, ಬಾಲ್ದಿ ಹೊರಬೇಕು. ಪೈಪಿನ ಅರ್ಜಿ ಪಂಚಾಯತಿನಲ್ಲಿದೆ. ದಾರಿದೀಪವೂ ಬಂದಿಲ್ಲ. ಬಜಗೋಳಿಯಲ್ಲಿ ಹೊಸ ಗುಂಪಿನ ಕೆಲಸ ಶುರುವಾದಾಗ ದೊಡ್ಡಕ್ಕ ಬಂದು ಚಿಪ್ಪಿನ ನಕ್ಷೆಯನ್ನು ಕಲಿಸಿಕೊಟ್ಟರು. ಪ್ರಶ್ನೆಯನ್ನೂ ಬದಲಿಸಿಕೊಂಡಿದ್ದರು. ‘ಶೌಚಾಲಯ ಇದೆಯೇ?’ ಎಂದಲ್ಲ, ‘ನಿನ್ನೆ ಹೋಗಿದ್ದಿರಾ?’

ಕಳೆದ ತಿಂಗಳು ಮಾರುಕಟ್ಟೆಯ ಹತ್ತಿರ ಬಸ್ ಇಳಿದಾಗ ಬಂಗುಡೆಯ ಅಕ್ಕ ಒಬ್ಬ ಗಿರಾಕಿಯೊಡನೆ ಚೌಕಾಸಿ ನಡೆಸಿದ್ದರು. ಮಾತಿನ ನಡುವೆ ಬಾಟಲಿ ಎತ್ತಿ ನೀರು ಕುಡಿದರು. ಡಾಕ್ಟರು ಏನಂದರು ಎಂದು ನಾನು ಕೇಳಿದ್ದಕ್ಕೆ, ಈ ಸಲ ಪರೀಕ್ಷೆಯಲ್ಲಿ ಏನೂ ಇಲ್ಲವಂತೆ ಎಂದರು. ಆಮೇಲೆ ಗಿರಾಕಿಯ ಎದುರೇ ಎದ್ದು ಕಂಬದಿಂದ ಬೀಗದ ಕೈ ತೆಗೆದುಕೊಂಡರು.

“ಐದು ನಿಮಿಷ ನಿಲ್ಲಿ ಅಣ್ಣ. ರೇಟು ಕಮ್ಮಿಯಾಗುವುದಿಲ್ಲ, ನಾನು ಬಂದ ಮೇಲೂ ಅಷ್ಟೇ.”

ಗಿರಾಕಿ ನಿಂತರು.