ಹೂನ್ರಿ ಮೇಡಂ

ಕಾಗವಾಡದ ದ್ರಾಕ್ಷಿ ತೋಟ ನೋಡಿ ಬಂದ ಮೇಡಂ ಒಬ್ಬರನ್ನು ನನ್ನ ಬಾಡಿಗೆ ಕಾರಿನಲ್ಲಿ ಚಿಕ್ಕೋಡಿಗೆ ಕರೆತರುತ್ತಿದ್ದೆ. ಮೈಸೂರು ಕಡೆಯವರು. ಪಿಎಚ್‌ಡಿ ಮುಗಿದರೂ ಅದರ ಮುಂದಿನ ತರಬೇತಿ ಮುಗಿದಿರಲಿಲ್ಲ. ಅರ್ಧ ಸಂಶೋಧನೆ, ಅರ್ಧ ನಮ್ಮ ಕಡೆಯ ಕಾಲೇಜಿನಲ್ಲಿ ಪಾಠ. ಮರುದಿನ ಅವರ ಗೈಡ್ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವವರಿದ್ದರು. ಪಾಠ ಕೆಟ್ಟರೆ ತರಬೇತಿ ಅಲ್ಲಿಗೇ ನಿಲ್ಲುತ್ತಂತೆ.

ಅದಕ್ಕೇ ದ್ರಾಕ್ಷಿ ಎಲೆಯ ಬೂಷ್ಟು ರೋಗದ ಪಾಠವನ್ನು ದಾರಿಯುದ್ದ ನನಗೇ ಮಾಡಿದರು.

“ಅರ್ಥ ಆಯ್ತಾ?”

“ಹೂನ್ರಿ ಮೇಡಂ.”

“ನಮ್ಮ ಹುಡುಗರೂ ಹೀಗೇ ಹೂನ್ರಿ ಅಂತಾರೆ. ಪರೀಕ್ಷೆಯಲ್ಲಿ ಮಾತ್ರ ಏನೂ ಬರೆಯಲ್ಲ.”

ನನಗೆ ತಡೆಯಲಾಗಲಿಲ್ಲ. “ನಮ್ಮ ಕಡೆ ಹೂನ್ರಿ ಅಂದ್ರ ತಿಳೀತು ಅಂತ ಅಲ್ರಿ. ನೀವು ಹೇಳಾಕತ್ತೀರಿ, ನಾವು ಕೇಳಾಕತ್ತೇವಿ, ಅಷ್ಟರಿ.”

ಮೇಡಂ ನಕ್ಕು, “ಹಾಗಾದ್ರೆ ನಾನು ಹೇಳಿದ್ದನ್ನ ನೀವೇ ಒಂದ್ಸಲ ಹೇಳಿ” ಅಂದರು.

“ಬೂಷ್ಟು... ಎಲಿ ಕೆಳಗ...” ಮುಂದೆ ಹೋಗಲಿಲ್ಲ. ಮೇಡಂ ಮತ್ತೆ ಮೊದಲಿನಿಂದ ಶುರು ಮಾಡಿದರು. ಚಿಕ್ಕೋಡಿ ಮುಟ್ಟುವಷ್ಟರಲ್ಲಿ ನನ್ನ ಬಾಯಿಂದಲೇ ಪೂರಾ ಪಾಠ ಹೇಳಿಸಿ, “ನಾಳೆ ಹುಡುಗರಿಗೂ ಇದೇ ಗತಿ” ಅಂತ ಖುಷಿಯಿಂದ ಇಳಿದರು.

ಶಾಲೆಯ ಐದನೇ ಇಯತ್ತೆಯಲ್ಲಿ ಮಾಸ್ತರರ ಇಂಥದೇ ಪ್ರಶ್ನೆಗೆ ಕಿಟಕಿ ಹಾರಿ ಓಡಿದವನು ನಾನು. ಈ ಸಲ ಸ್ಟೇರಿಂಗ್ ನನ್ನ ಕೈಯಲ್ಲೇ ಇತ್ತು, ಎಲ್ಲಿಗಂತ ಓಡಲಿ?