ಎಲ್ಲಕ್ಕೂ ಹೂಂ ಎನ್ನುವ ನೀಲಗಂಗವ್ವ

ರೋಣದ ನೀಲಗಂಗವ್ವ, ಕಂಪ್ಯೂಟರ್ ಏನೇ ಕೇಳಲಿ, 'ಯೆಸ್' ಎಂಬಲ್ಲೇ ಒತ್ತುತ್ತಾಳೆ. ಹೊಸ ಅಪ್‌ಡೇಟ್ ಬಂತೆಂದು ಪರದೆಯ ಮೂಲೆಯಲ್ಲಿ ಗುಳ್ಳೆ ಎದ್ದರೆ ಸಾಕು, ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿಬಂದು, ಕೈತೊಳೆದು, ಹಣೆಯ ವಿಭೂತಿ ಸರಿಮಾಡಿಕೊಂಡು ಕೂರುತ್ತಾಳೆ; ಹಸಿರು ಪಟ್ಟಿ ತುಂಬುವತನಕ ಮನೆಯಲ್ಲಿ ಯಾರೂ ಮಿಕ್ಸರ್ ಹಚ್ಚುವಂತಿಲ್ಲ. "ಏನ್ ಕೇಳಿದ್ರೂ ಹೂಂ ಅಂತೀಯಲ್ಲಕ್ಕಾ, ನಿನ್ನ ಮದವಿನೂ ಹಿಂಗ ಆತೇನ?" ಎಂದು ಪಕ್ಕದ ಮನೆಯ ನಾಹೀದ ಕಾಡಿದರೆ, "ಹೌದವಾ, ಅದೂ ಚಲೋನ ನಡದೈತಿ" ಎನ್ನುತ್ತಾಳೆ. ಕಂಪ್ಯೂಟರಿನ ಜೊತೆಗೇ ಬಂದ ಒಂದು ಪ್ರೋಗ್ರಾಮನ್ನೂ ತೆಗೆಯಗೊಡುವುದಿಲ್ಲ. ರಿಪೇರಿಯ ಜಾಕೀರ "ಇವು ಸುಮ್ನ ಜಾಗಾ ತಿಂತಾವ್ರಿ" ಎಂದರೆ, "ಕೊಟ್ಟವ್ರು ತಿಳದ ಕೊಟ್ಟಿರ್ತಾರಪಾ. ಚಿತ್ರಾ ಬರಿಯೂದೂ ಹಿಂಗ ಬಂದದ್ದಲ್ಲೇನ?" ಎಂಬ ಉತ್ತರ ಸಿದ್ಧ. ಆ ಚಿತ್ರದ ಪ್ರೋಗ್ರಾಮಿನಲ್ಲೇ ಅವಳು, ಕಣ್ಣು ಹೋದ ಅವ್ವನಿಂದ ಕೇಳಿ ಕೇಳಿ, ಬೇರೆಲ್ಲೂ ಬರೆದಿಡದ ಕಸೂತಿಯ ನಮೂನೆಗಳನ್ನು ಚುಕ್ಕೆ ಚುಕ್ಕೆಯಾಗಿ ಇಳಿಸಿಟ್ಟಿದ್ದಾಳೆ. ಇಷ್ಟು ನಂಬುವವಳೂ ಪ್ರತಿ ಅಪ್‌ಡೇಟ್ ಮುಗಿದೊಡನೆ ಮೊದಲು ಆ ನಮೂನೆಗಳನ್ನೇ ತೆರೆದು ನೋಡುತ್ತಾಳೆ. "ಎಲ್ಲಾ ಅದಾವೇನ ನೀಲಾ?" ಎನ್ನುತ್ತಾಳೆ ಅವ್ವ. ಮೊದಲೆಲ್ಲ ಅವ್ವ ಎಳೆಗಳ ಲೆಕ್ಕ ಬಾಯಲ್ಲಿ ಹೇಳುವಳು, ಮಗಳು ಪರದೆಯಲ್ಲಿ ತಾಳೆ ನೋಡುವಳು. ಈಚೆಗೆ ಅವ್ವ ನವಿಲಿನ ನಮೂನೆಯಲ್ಲಿ ಕುತ್ತಿಗೆಯ ಹತ್ತಿರ ಬಂದು ಲೆಕ್ಕ ಮರೆಯುತ್ತಾಳೆ. ಮುಂದಿನದನ್ನು ಮಗಳೇ ಪರದೆ ನೋಡಿ, ಅವ್ವನಿಗೆ ಮೆಲ್ಲಗೆ ಓದಿ ಹೇಳುತ್ತಾಳೆ.